ದೋಣಿಯಾಗಲು ಹೊರಟ ಡಕೋಟಾ

ಬೆಂಗಳೂರಿನ ಬೆಳ್ಳಂದೂರು ಕೆರೆ ಈಚಿನ ವರ್ಷಗಳಲ್ಲಿ ಸುದ್ದಿಗೆ ಬಂದದ್ದು ನೊರೆಯಿಂದ, ಆ ನೊರೆಗೆ ಹತ್ತಿಕೊಂಡ ಬೆಂಕಿಯಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಇದೇ ನೀರಿನ ಮೇಲೆ ಕ್ಯಾಟಲೀನಾ ವಿಮಾನಗಳು ಇಳಿಯುತ್ತಿದ್ದವು. ಕೆರೆಯ ಪಕ್ಕದಲ್ಲೇ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರ್‌ನಲ್ಲಿ ಕಟ್ಟಿದ ಕಂಪನಿ ಅದು. ಮರುವರ್ಷ ಅಲ್ಲಿಂದ ಮೊದಲ ಹಾರ್ಲೋ ತರಬೇತಿ ವಿಮಾನ ಮೇಲೆದ್ದಿತು. ಅಷ್ಟರಲ್ಲಿ ಯುದ್ಧ ಬರ್ಮಾದವರೆಗೆ ಬಂದು ನಿಂತಿತು. ಹೊಸ ವಿಮಾನ ಕಟ್ಟುವ ಕನಸು ಬದಿಗೆ ಸರಿದು, ಗುಂಡು ತಿಂದು ಬಂದವನ್ನು ರಿಪೇರಿ ಮಾಡುವ ಕೆಲಸ ಮುಂದಕ್ಕೆ ಬಂತು. 1943ರ ಸೆಪ್ಟೆಂಬರ್‌ನಲ್ಲಿ ಕಾರ್ಖಾನೆಯ ಆಡಳಿತವೇ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. 84ನೇ ಏರ್ ಡಿಪೋ ಎಂಬುದು ಅದರ ಯುದ್ಧಕಾಲದ ಹೆಸರು.

ರಿಪೇರಿಗೆ ಬರುತ್ತಿದ್ದವುಗಳಲ್ಲಿ ಎರಡು ವಿಮಾನಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಬೇಕು. ಒಂದು ಸಿ-47, ನಮ್ಮ ಬಾಯಲ್ಲಿ ಡಕೋಟಾ. ಸೈನಿಕರನ್ನು, ಅಕ್ಕಿ ಮೂಟೆಗಳನ್ನು, ಮದ್ದುಗುಂಡನ್ನು ಹೊತ್ತ ಸರಕು ವಿಮಾನ. ಇನ್ನೊಂದು ಕ್ಯಾಟಲೀನಾ, ಸಮುದ್ರದ ಮೇಲೆ ಗಂಟೆಗಟ್ಟಲೆ ಕಾವಲು ತಿರುಗುವ ಹಾರುದೋಣಿ. ಎರಡರ ರೆಕ್ಕೆಗಳಲ್ಲೂ ಇದ್ದದ್ದು ಒಂದೇ ಎಂಜಿನ್: ಪ್ರಾಟ್ ಅಂಡ್ ವಿಟ್ನಿಯ ಆರ್-1830 ಟ್ವಿನ್ ವಾಸ್ಪ್, 14 ಸಿಲಿಂಡರ್, 1200 ಅಶ್ವಶಕ್ತಿ. ಎರಡಕ್ಕೂ ಅಂಥ ಎರಡೆರಡು. ರೆಕ್ಕೆಯ ಹರವು ಡಕೋಟಾಕ್ಕೆ 29 ಮೀಟರ್, ಕ್ಯಾಟಲೀನಾಕ್ಕೆ 31.7 ಮೀಟರ್. ಒಂದರಿಂದ ಬಿಚ್ಚಿದ ಎಂಜಿನನ್ನೂ ಇನ್ನೊಂದರಿಂದ ಬಿಚ್ಚಿದ್ದನ್ನೂ ಒಂದೇ ಮೇಜಿನ ಮೇಲೆ ಸರಿಪಡಿಸಬಹುದಿತ್ತು.

ಹಾಗಿದ್ದರೆ ಡಕೋಟಾವನ್ನೂ ಕೆರೆಗೆ ಇಳಿಸಿದರೇನು? ಯುದ್ಧ ನಡೆಸುವವರಿಗೆ ಈ ಪ್ರಶ್ನೆ ನಿಜಕ್ಕೂ ಬಂದಿತ್ತು. ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ರನ್‌ವೇ ಇಲ್ಲ. ಇದ್ದಲ್ಲಿ ಶತ್ರು ಅದನ್ನು ಬಾಂಬಿನಿಂದ ಗುಂಡಿ ಮಾಡಿ ಹೋಗಿರುತ್ತಾನೆ. ನೀರಿಗಾದರೋ ಬರವಿಲ್ಲ. ಡಕೋಟಾಗಳೂ ಸಾವಿರಗಟ್ಟಲೆ ತಯಾರಾಗುತ್ತಿದ್ದವು. ಅವುಗಳ ಕಾಲಿಗೆ ದೋಣಿ ಕಟ್ಟಿದರೆ ಸಾಕು ಎಂದು ಲೆಕ್ಕ ಹಾಕಿದರು. 1943ರಲ್ಲಿ ಹಾರಿದ ಎಕ್ಸ್‌ಸಿ-47ಸಿ ಹುಟ್ಟಿದ್ದು ಹೀಗೆ. ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನಲ್ಲಿ ಅರ್ಲ್ ಡಾಡ್ಜ್ ಓಸ್ಬೋರ್ನ್ 1925ರಲ್ಲಿ ಸ್ಥಾಪಿಸಿದ್ದ ಈಡೋ ಕಂಪನಿ ವಿಮಾನದ ಫ್ಲೋಟ್‌ಗಳಿಗೆ, ಅಂದರೆ ಕಾಲಿಗೆ ಕಟ್ಟುವ ತೇಲುದೋಣಿಗಳಿಗೆ, ಹೆಸರಾಗಿತ್ತು. ಅದು ಡಕೋಟಾಕ್ಕಾಗಿ ದೈತ್ಯ ಫ್ಲೋಟ್‌ಗಳ ಜೋಡಿಯೊಂದನ್ನು ಮಾಡಿಕೊಟ್ಟಿತು. ಒಂದೊಂದರ ಹೊಟ್ಟೆಯಲ್ಲೂ 300 ಗ್ಯಾಲನ್, ಅಂದರೆ 1100 ಲೀಟರಿಗೂ ಮಿಕ್ಕಿ ಪೆಟ್ರೋಲ್ ಹಿಡಿಯುವ ಟ್ಯಾಂಕ್. ಒಂದೊಂದರ ಕೆಳಗೂ ಒಳಕ್ಕೆ ಮಡಚಿಕೊಳ್ಳುವ ಎರಡು ಚಕ್ರ. ನೆಲಕ್ಕೂ ಸೈ, ನೀರಿಗೂ ಸೈ ಎನ್ನುವ ಉಭಯಚರ ಡಕೋಟಾ ಅದು. ನೂರೈವತ್ತು ಜೋಡಿಗೆ ಗುತ್ತಿಗೆಯೂ ಆಯಿತು. ಆದರೆ ವಿಮಾನಕ್ಕೆ ಕಟ್ಟಿ ಬಳಸಿದ್ದು ಬೆರಳೆಣಿಕೆಯಷ್ಟನ್ನು ಮಾತ್ರ. ಎಂಜಿನ್ ಒಂದೇ ಆಗಿದ್ದರೂ ಕ್ಯಾಟಲೀನಾ ಗೆದ್ದ ಕಡೆ ಡಕೋಟಾ ಯಾಕೆ ತೊಡರಿತು ಎಂಬುದು ನೀರಿನ ಭೌತಶಾಸ್ತ್ರದ ಕಥೆ.

ಈ ಕಥೆಯನ್ನು ಪೆಸಿಫಿಕ್‌ನಲ್ಲಿ ಇಟ್ಟು ಹೇಳುವುದಕ್ಕಿಂತ ಹತ್ತಿರದ ನೀರಿನಲ್ಲಿ ಇಟ್ಟು ನೋಡೋಣ. ಹೊಸದುರ್ಗ ತಾಲ್ಲೂಕಿನ ಮತ್ತೋಡಿನ ಕಡೆಯವರಿಗೆ ಮಾರಿಕಣಿವೆಯ ಹಿನ್ನೀರು ಗೊತ್ತು. ವೇದಾವತಿಗೆ ಅಡ್ಡಲಾಗಿ, ಹಿರಿಯೂರು ತಾಲ್ಲೂಕಿನ ಎರಡು ಗುಡ್ಡಗಳ ನಡುವೆ, 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಅದು. ಸುಮಾರು 30 ಟಿಎಂಸಿ ನೀರು ಹಿಡಿಯುವ ಜಲಾಶಯ. ತುಂಬಿದ ವರ್ಷ ಹಿನ್ನೀರು ಹೊಸದುರ್ಗದ ಕಡೆಗೆ ದೂರದವರೆಗೆ ಚಾಚಿಕೊಳ್ಳುತ್ತದೆ. ಸರಕು ತುಂಬಿದ ಒಂದು ಡಕೋಟಾವನ್ನು ಅಲ್ಲಿ ಇಳಿಸಿ, ಮತ್ತೆ ಮೇಲೇರಿಸಬೇಕು ಎಂದುಕೊಳ್ಳಿ. ಏನೇನು ಬದಲಾಯಿಸಬೇಕಾಗುತ್ತದೆ?

ಮೊದಲು ತೇಲಬೇಕು. ಇದು ಆರ್ಕಿಮಿಡೀಸ್‌ನ ಲೆಕ್ಕ. 12 ಟನ್ ತೂಕದ ವಿಮಾನ ತೇಲಲು 12 ಟನ್ ನೀರನ್ನು ಸರಿಸಬೇಕು. ಆದರೆ ಅಷ್ಟಕ್ಕೇ ನಿಂತರೆ ಒಂದು ಅಲೆ ಸಾಕು ಮುಳುಗಿಸಲು. ಆದ್ದರಿಂದ ಎರಡೂ ಫ್ಲೋಟ್‌ಗಳು ಸೇರಿ ವಿಮಾನದ ತೂಕಕ್ಕಿಂತ ಶೇಕಡಾ 80ರಷ್ಟು ಹೆಚ್ಚು ತೂಕವನ್ನು ಹೊರಬಲ್ಲವಾಗಿರಬೇಕು ಎಂಬುದು ಸಣ್ಣ ವಿಮಾನಗಳಿಗೆ ಇವತ್ತಿಗೂ ಇರುವ ನಿಯಮ. ಒಳಗೆ ಅಡ್ಡಗೋಡೆ ಹಾಕಿ ಕೋಣೆಗಳನ್ನಾಗಿ ಮಾಡಿರಬೇಕು, ಒಂದು ತೂತಾದರೆ ಉಳಿದವು ಹೊರಬೇಕು. ಇದೇ ಅಳತೆಯನ್ನು ಡಕೋಟಾಕ್ಕೆ ಹಿಡಿದರೆ 21,600 ಲೀಟರ್ ಗಾತ್ರದ ಪೊಳ್ಳು ಬೇಕಾಗುತ್ತದೆ. ಈ ಪೊಳ್ಳನ್ನು ಗಾಳಿಯಲ್ಲಿ ಎಳೆದುಕೊಂಡು ಹೋಗಬೇಕು. ಚಕ್ರವನ್ನಾದರೆ ಹಾರಿದ ಮೇಲೆ ಒಳಗೆ ಮಡಚಬಹುದು. ಫ್ಲೋಟನ್ನು ಮಡಚಿ ಇಡುವ ಜಾಗ ವಿಮಾನದಲ್ಲಿ ಇಲ್ಲ. ಅದು ಹಾರಾಟದುದ್ದಕ್ಕೂ ವೇಗವನ್ನು ತಿನ್ನುತ್ತ ಜೋತಾಡುತ್ತದೆ. ಅದರ ತೂಕವಂತೂ ನೇರವಾಗಿ ಸರಕಿನಿಂದ ಕಳೆಯುವ ತೂಕ. ಡಕೋಟಾ ಸಾಮಾನ್ಯವಾಗಿ ಹೊರುತ್ತಿದ್ದದ್ದೇ ಎರಡೂವರೆ–ಮೂರು ಟನ್. ಸರಕು ವಿಮಾನವನ್ನು ನೀರಿಗಿಳಿಸುವವನು ಅದರ ಸರಕನ್ನೇ ಮೊದಲು ಬಲಿ ಕೊಡಬೇಕು. ಈ ವ್ಯಾಪಾರದಲ್ಲಿ ಲಾಭವಿದೆಯೇ ಎಂಬುದೇ ಈ ವಿಷಯದ ಇಡೀ ಇತಿಹಾಸದಲ್ಲಿ ಮತ್ತೆ ಮತ್ತೆ ಎದ್ದ ಜಗಳ.

ತೇಲಿದ್ದಾಯಿತು. ಇನ್ನು ಏಳಬೇಕು. ನೆಲದ ಮೇಲೆ ಓಡುವ ಚಕ್ರಕ್ಕೆ ಆಗುವ ತಡೆ ವಿಮಾನದ ತೂಕದ ಎರಡು–ಮೂರು ಶೇಕಡಾ. ನೀರಿನಲ್ಲಿ ಹಾಗಲ್ಲ. ಫ್ಲೋಟ್ ನೀರನ್ನು ಸೀಳಿಕೊಂಡು ಹೊರಟಾಗ ಮೂತಿಯ ಮುಂದೆ ಅಲೆಯೊಂದು ಏಳುತ್ತದೆ. ವೇಗ ಹೆಚ್ಚಿದಂತೆ ಅಲೆಯೂ ಬೆಳೆಯುತ್ತದೆ. ವಿಮಾನ ತಾನೇ ಎಬ್ಬಿಸಿದ ಅಲೆಯ ಬೆನ್ನನ್ನು ಹತ್ತಬೇಕಾದ ಫಜೀತಿ. ಹಾರುವ ವೇಗದ ಅರ್ಧದ ಆಸುಪಾಸಿನಲ್ಲಿ ಈ ತಡೆ ತುತ್ತತುದಿಗೆ ಹೋಗುತ್ತದೆ. ಒಳ್ಳೆಯ ಆಕಾರದ ಫ್ಲೋಟಿಗೂ ಅದು ತೂಕದ ನಾಲ್ಕನೇ ಅಥವಾ ಐದನೇ ಒಂದು ಪಾಲು. 12 ಟನ್ ವಿಮಾನಕ್ಕೆ ಎರಡೂವರೆ ಟನ್ನಿನ ಎಳೆತ ಎಂದಾಯಿತು. ಅದನ್ನು ದಾಟುವಷ್ಟು ಕಸುವು ಎಂಜಿನ್‌ಗಳಲ್ಲಿ ಇಲ್ಲದಿದ್ದರೆ ವಿಮಾನ ಮಾರಿಕಣಿವೆಯ ಈ ತುದಿಯಿಂದ ಆ ತುದಿಗೆ ಬರೀ ಸದ್ದು ಮಾಡುತ್ತ ದೋಣಿವಿಹಾರ ಮಾಡೀತು, ಏಳಲಾರದು.

ತಡೆಯ ಆ ಗುಡ್ಡವನ್ನು ದಾಟಿದ ಮೇಲೆ ಆಟ ಬದಲಾಗುತ್ತದೆ. ಕೆರೆಯ ದಡದಲ್ಲಿ ಹುಡುಗರು ಚಪ್ಪಟೆ ಬೋಕಿ ಚೂರನ್ನು ಅಡ್ಡಡ್ಡವಾಗಿ ಬೀಸಿ ಎಸೆಯುತ್ತಾರಲ್ಲ, ಅದು ಮುಳುಗದೆ ನೀರಿನ ಮೇಲೆ ಕುಪ್ಪಳಿಸುತ್ತ ಹೋಗುತ್ತದೆ. ಫ್ಲೋಟ್ ಕೂಡ ಹಾಗೆಯೇ ನೀರಿನೊಳಗಿನಿಂದ ನೀರಿನ ಮೇಲಕ್ಕೆ ಬಂದು ಜಾರತೊಡಗುತ್ತದೆ. ಈಗ ಅದನ್ನು ಹೊರುತ್ತಿರುವುದು ಸರಿಸಿದ ನೀರಿನ ತೂಕವಲ್ಲ, ಬಡಿದು ಕೆಳಕ್ಕೆ ತಳ್ಳಲ್ಪಡುವ ನೀರಿನ ಪ್ರತಿತಳ್ಳು. ತಡೆ ಇಳಿಯುತ್ತದೆ, ವೇಗ ಏರುತ್ತದೆ. ಆದರೂ ಒಂದು ಕೊನೆಯ ತೊಡಕು ಇದೆ. ಬಾಗಿದ ನುಣುಪು ಮೈಗೆ ಹರಿಯುವ ನೀರು ಅಂಟಿಕೊಂಡು ಎಳೆಯುತ್ತದೆ. ತಳ ನುಣುಪಾದ ದೋಣಿಯ ಆಕಾರದಲ್ಲೇ ಉದ್ದಕ್ಕೂ ಸಾಗಿದರೆ ಹಿಂಭಾಗವನ್ನು ನೀರು ಬಿಡುವುದೇ ಇಲ್ಲ. ವಿಮಾನ ಮೂತಿ ಎತ್ತಲಾರದು, ಮೂತಿ ಎತ್ತದೆ ರೆಕ್ಕೆ ಪೂರ್ತಿ ದುಡಿಯದು.

ಇದಕ್ಕೆ ಮದ್ದು ಹುಡುಕಿದವರಲ್ಲಿ ಮುಖ್ಯರು ಅಮೆರಿಕದ ಗ್ಲೆನ್ ಕರ್ಟಿಸ್. ಫ್ರಾನ್ಸಿನ ಆನ್ರಿ ಫಾಬ್ರ್ 1910ರಲ್ಲಿ ಮೊದಲ ಸಲ ನೀರಿನಿಂದ ಹಾರಿದ್ದರು. ಮರುವರ್ಷ ಕರ್ಟಿಸ್ ಚಕ್ರವೂ ಫ್ಲೋಟೂ ಇದ್ದ ಟ್ರೈಯಾಡ್ ಎಂಬ ಉಭಯಚರವನ್ನು ಹಾರಿಸಿದರು. 1912ರಲ್ಲಿ ಅವರ ಹಾರುದೋಣಿ ನೀರು ಬಿಟ್ಟು ಏಳಲು ಮೊಂಡಾಟ ಮಾಡಿದಾಗ ತಳದ ನಡುವೆ ಒಂದು ಮೆಟ್ಟಿಲು ಇಟ್ಟರು. ಅಷ್ಟೇ. ತಳ ಮುಂದಿನಿಂದ ಬರುತ್ತ ಬರುತ್ತ ಒಂದು ಕಡೆ ಇದ್ದಕ್ಕಿದ್ದಂತೆ ಗೇಣುದ್ದವೋ ಅದಕ್ಕೂ ಕಡಿಮೆಯೋ ಮೇಲಕ್ಕೆ ಕತ್ತರಿಸಿ ಹೋಗುತ್ತದೆ. ಆ ಅಂಚನ್ನು ತಲುಪಿದ ನೀರು ತಿರುಗಿ ಅಂಟಿಕೊಳ್ಳಲಾರದೆ ಹರಿದು ಬೀಳುತ್ತದೆ, ಹಿಂದಿನ ಜಾಗಕ್ಕೆ ಗಾಳಿ ನುಗ್ಗುತ್ತದೆ, ವಿಮಾನ ಆ ಅಂಚಿನ ಮೇಲೆ ತಿರುಗಿ ಮೂತಿ ಎತ್ತುತ್ತದೆ. ನೀರಿಗಿಳಿಯುವ ವಿಮಾನದ ಚಿತ್ರ ಸಿಕ್ಕಾಗ ಹೊಟ್ಟೆಯನ್ನು ಅಥವಾ ಫ್ಲೋಟಿನ ತಳವನ್ನು ನೋಡಿ; ಮೆಟ್ಟಿಲು ಕಾಣದಿದ್ದರೆ ಆ ಚಿತ್ರವನ್ನು ಅನುಮಾನಿಸಬಹುದು. ವಿಮಾನದ ಗುರುತ್ವ ಕೇಂದ್ರದ ತುಸು ಹಿಂದೆ ಈ ಮೆಟ್ಟಿಲು ಇರಬೇಕು. ಇನ್ನೂ ಹಿಂದೆ ಹೋದರೆ ಮೂತಿ ಏಳದು, ಮುಂದೆ ಬಂದರೆ ವಿಮಾನ ನೀರಿನ ಮೇಲೆ ಏರಿಳಿದು ಕುಣಿಯತೊಡಗುತ್ತದೆ. ಆ ಕುಣಿತ ಒಂದೊಂದು ಸುತ್ತಿಗೂ ಹೆಚ್ಚುತ್ತ ಹೋಗಿ ವಿಮಾನವನ್ನೇ ಮುರಿದದ್ದುಂಟು.

ಇಳಿಯುವುದು ಇನ್ನೊಂದು ಲೆಕ್ಕ. ನೀರು ಮೆತ್ತಗೆ ಎಂದುಕೊಳ್ಳುವುದು ಅದರಲ್ಲಿ ಈಜುವವರು. ಗಾಳಿಗಿಂತ ಎಂಟುನೂರು ಪಟ್ಟು ಸಾಂದ್ರವಾದ, ಅದುಮಿದರೆ ಕುಗ್ಗದ ವಸ್ತುವಿಗೆ ಗಂಟೆಗೆ ನೂರು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ತಳ ತಾಗುವಾಗ ಅದು ಕಲ್ಲುಚಪ್ಪಡಿಯಿಂದ ಬಹಳ ಭಿನ್ನವೇನಲ್ಲ. ನೆಲದ ವಿಮಾನದಲ್ಲಿ ಪೆಟ್ಟನ್ನು ನುಂಗಲು ಟೈರಿದೆ, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್ ಇದೆ. ಫ್ಲೋಟಿಗೆ ಇರುವುದು ಅದರ ಆಕಾರವೊಂದೇ. ವಿಜ್ಞಾನಿ ಥಿಯೊಡರ್ ಫಾನ್ ಕಾರ್ಮಾನ್ 1929ರಲ್ಲಿ ಬರೆದ ಪುಟ್ಟ ಪ್ರಬಂಧವೊಂದು ಇದನ್ನು ಚೊಕ್ಕವಾಗಿ ಬಿಡಿಸಿಟ್ಟಿತು. ವಿ ಆಕಾರದ ತಳ ನೀರಿಗೆ ಹೊಕ್ಕಂತೆ ಅದರ ಅಗಲದಷ್ಟು ವ್ಯಾಸದ ಅರ್ಧ ಉರುಳೆಯಷ್ಟು ನೀರು ತಳದ ಜೊತೆ ತಾನೂ ಚಲಿಸತೊಡಗುತ್ತದೆ ಎಂದುಕೊಳ್ಳಿ. ವಿಮಾನದ ಒಟ್ಟು ಚಲನಪರಿಮಾಣ ಈಗ ವಿಮಾನ ಮತ್ತು ಆ ನೀರು ಎರಡರ ನಡುವೆ ಹಂಚಿಹೋಗಬೇಕು. ಹಂಚಿದಷ್ಟೂ ವಿಮಾನ ನಿಧಾನವಾಗುತ್ತದೆ. ತಳ ಚಪ್ಪಟೆಯಾಗಿದ್ದರೆ ಆ ನೀರೆಲ್ಲ ಒಂದೇ ಕ್ಷಣದಲ್ಲಿ ಸೇರಿಕೊಂಡು ಪೆಟ್ಟು ವಿಪರೀತ. ವಿ ಚೂಪಾದಷ್ಟೂ ನೀರು ಸ್ವಲ್ಪ ಸ್ವಲ್ಪವಾಗಿ ಸೇರುತ್ತದೆ, ಪೆಟ್ಟು ಹರಡಿಕೊಳ್ಳುತ್ತದೆ. ಆದರೆ ತೀರ ಚೂಪಾದರೆ ನೀರಿನ ಮೇಲೆ ಜಾರುವ ಗುಣ ಹೋಗುತ್ತದೆ. ಇಳಿಯುವಾಗಿನ ಒಳಿತು ಏಳುವಾಗಿನ ಕೆಡುಕು. ಫ್ಲೋಟ್ ತಯಾರಕನ ಬದುಕೆಲ್ಲ ಈ ಎರಡರ ನಡುವಿನ ಕೋನವನ್ನು ಹುಡುಕುವುದರಲ್ಲೇ ಕಳೆಯುತ್ತದೆ.

ಡಕೋಟಾಕ್ಕೆ ಇನ್ನೂ ಒಂದು ಹುಟ್ಟು ಕೊರತೆ ಇತ್ತು. ಅದರ ರೆಕ್ಕೆ ಹೊಟ್ಟೆಯ ಕೆಳಗೆ, ಎಂಜಿನ್‌ಗಳೂ ತಗ್ಗಿನಲ್ಲಿ. ಪ್ರೊಪೆಲ್ಲರ್ ಅಲಗಿನ ತುದಿ ಶಬ್ದದ ವೇಗಕ್ಕೆ ಹತ್ತಿರವಾಗಿ ತಿರುಗುತ್ತಿರುವಾಗ ನೀರಿನ ಹನಿ ತಾಗಿದರೆ ಮರಳು ತಾಗಿದಂತೆಯೇ. ಲೋಹದ ಅಂಚು ಕೊರೆದುಹೋಗುತ್ತದೆ. ಕ್ಯಾಟಲೀನಾವನ್ನು ಕಟ್ಟಿದವರು ರೆಕ್ಕೆಯನ್ನು ಹೊಟ್ಟೆಯಿಂದ ಮೇಲಕ್ಕೆತ್ತಿ ಒಂದು ಕಂಬದ ಮೇಲೆ ಕೂರಿಸಿ, ಎಂಜಿನ್‌ಗಳನ್ನು ಅದರ ಮೇಲಿಟ್ಟಿದ್ದರು. ಹೊಟ್ಟೆಯೇ ದೋಣಿ. ರೆಕ್ಕೆಯ ತುದಿಯ ಸಣ್ಣ ಫ್ಲೋಟ್‌ಗಳು ಹಾರುವಾಗ ಮೇಲಕ್ಕೆ ಮಡಚಿ ರೆಕ್ಕೆತುದಿಯೇ ಆಗಿಬಿಡುತ್ತಿದ್ದವು. ಅದು ಹುಟ್ಟುವಾಗಲೇ ನೀರಿಗೆ ಹುಟ್ಟಿದ ವಿಮಾನ. ಡಕೋಟಾದ ಫ್ಲೋಟ್‌ಗಳನ್ನು ಎತ್ತರದ ಕಾಲುಗಳ ಮೇಲೆ ಇಟ್ಟು ಪ್ರೊಪೆಲ್ಲರ್‌ಗಳನ್ನು ನೀರಿನಿಂದ ದೂರ ಮಾಡಿದರು. ಅದರಿಂದ ವಿಮಾನ ನೆಲದ ಮೇಲೂ ನೀರಿನ ಮೇಲೂ ತಲೆಭಾರವಾಯಿತು. ಅಡ್ಡಗಾಳಿಗೆ ಓಲಾಟ, ಒರಟು ನೀರಿನಲ್ಲಿ ಏಳಲು ಒದ್ದಾಟ, ಗಟ್ಟಿ ನೆಲದ ಮೇಲೆ ಆ ಚಕ್ರಗಳ ಟೈರು ಒಡೆಯುವ ಕಾಟ. ಸಿಹಿನೀರಿನ ಶಾಂತ ಸರೋವರದಲ್ಲಿ ಮಾತ್ರ ಅದು ಮರ್ಯಾದೆಯಿಂದ ನಡೆದುಕೊಂಡೀತು. ಮುಂದೆ 1990ರ ಹೊತ್ತಿಗೆ ಅಮೆರಿಕದ ಮೇನ್ ರಾಜ್ಯದ ಮೂಸ್‌ಹೆಡ್ ಸರೋವರದಲ್ಲಿ ಡಕೋಟಾದ ನಾಗರಿಕ ರೂಪವಾದ ಡಿಸಿ-3 ಒಂದು ಫ್ಲೋಟ್ ಕಟ್ಟಿಕೊಂಡು ಹಾರಿದ್ದೂ ಅಂಥ ನೀರಿನಲ್ಲೇ.

ಕ್ಯಾಟಲೀನಾಕ್ಕೂ ಉಭಯಚರವಾಗುವುದು ಪುಕ್ಕಟೆಯಾಗಿ ಬರಲಿಲ್ಲ ಎಂಬುದನ್ನು ಮರೆಯಬಾರದು. 1935ರಲ್ಲಿ ಮೊದಲು ಹಾರಿದಾಗ ಅದು ಬರಿಯ ದೋಣಿ. ದಡ ಹತ್ತಬೇಕೆಂದರೆ ಕೆಲಸಗಾರರು ಎದೆಮಟ್ಟದ ನೀರಿಗಿಳಿದು ಕಳಚುವಂಥ ಚಕ್ರಗಳನ್ನು ಪಕ್ಕೆಗೆ ಸಿಕ್ಕಿಸಿ ಟ್ರ್ಯಾಕ್ಟರಿನಿಂದ ಎಳೆಯಬೇಕು. ಬೆಂಗಳೂರಿನಂಥ ಒಣ ಊರಿನ ಕಾರ್ಖಾನೆಗೆ ಒಂದು ಕೆರೆ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಇಲ್ಲಿದೆ. 1939ರಲ್ಲಿ ಮಡಚುವ ಚಕ್ರಗಳಿರುವ ಪಿಬಿವೈ-5ಎ ಬಂತು. ರನ್‌ವೇ ಮೇಲೂ ಇಳಿಯತೊಡಗಿತು. ಆದರೆ ಚಕ್ರದ ತೂಕಕ್ಕೆ ತಕ್ಕಂತೆ ಹಾರುವ ದೂರ ಕುಗ್ಗಿತು. ಕ್ವಾಂಟಾಸ್ ಕಂಪನಿ 1943ರಿಂದ 1945ರವರೆಗೆ ಪರ್ತ್‌ನಿಂದ ಸಿಲೋನಿನ ಕೊಗ್ಗಲ ಸರೋವರಕ್ಕೆ ನಡೆಸಿದ ಹಾರಾಟಗಳಲ್ಲಿ ದೂರ ಐದೂವರೆ ಸಾವಿರ ಕಿಲೋಮೀಟರಿಗೂ ಮೇಲೆ, ಸಮಯ 27 ಗಂಟೆಯಿಂದ 30 ಗಂಟೆ ಮೀರುವವರೆಗೆ. ಒಂದೇ ಹಾರಾಟದಲ್ಲಿ ಎರಡು ಸೂರ್ಯೋದಯ ಕಾಣುತ್ತಿದ್ದವು. ಅದಕ್ಕೆ ಆರಿಸಿಕೊಂಡದ್ದು ಚಕ್ರವಿಲ್ಲದ ದೋಣಿಗಳನ್ನೇ. ಹಾಗಿದ್ದೂ ಇಂಧನ ತುಂಬಿದ ಮೇಲೆ ಉಳಿದ ಜಾಗ ಮೂವರು ಪ್ರಯಾಣಿಕರಿಗೆ ಮತ್ತು 70 ಕಿಲೋ ಅಂಚೆಗೆ. ಜಪಾನಿನ ನೌಕಾಪಡೆ ಸಿಲೋನಿನತ್ತ ಬರುತ್ತಿರುವುದನ್ನು 1942ರ ಏಪ್ರಿಲ್ 4ರಂದು ಕಂಡು ರೇಡಿಯೊದಲ್ಲಿ ಸುದ್ದಿ ಕೊಟ್ಟ ಕೆನಡಾದ ಲೆನಾರ್ಡ್ ಬರ್ಚಾಲ್ ಹೊರಟದ್ದೂ ಅದೇ ಕೊಗ್ಗಲದಿಂದ, ಕ್ಯಾಟಲೀನಾದಲ್ಲೇ.

ಈಗ ಮಾರಿಕಣಿವೆಗೆ ವಾಪಸು ಬಂದರೆ, ಅಲ್ಲಿ ನೀರು ಸಿಹಿ. ಅದು ದೊಡ್ಡ ಅನುಕೂಲ. ಉಪ್ಪುನೀರು ಅಲ್ಯೂಮಿನಿಯಂ ಅನ್ನು ತಿನ್ನುವ ವೇಗ ಕಂಡವರೇ ಬಲ್ಲರು. ಆದರೆ ಎತ್ತರದ ಅನನುಕೂಲವಿದೆ. ಆರುನೂರು ಮೀಟರಿಗೂ ಮೇಲಿರುವ ಆ ನೀರಿನ ಮೇಲಿನ ಗಾಳಿ ಸಮುದ್ರದ ಮಟ್ಟಕ್ಕಿಂತ ಸುಮಾರು ಆರು ಶೇಕಡಾ ತೆಳು, ಬೆಂಗಳೂರಿನಲ್ಲಿ ಎಂಟು. ಬೇಸಿಗೆಯ ಮಧ್ಯಾಹ್ನ ಇನ್ನೂ ತೆಳು. ಗಾಳಿ ತೆಳುವಾದರೆ ರೆಕ್ಕೆ ಎತ್ತುವುದು ಕಡಿಮೆ, ಎಂಜಿನ್ ಉಸಿರಾಡುವುದೂ ಕಡಿಮೆ. ನೀರು ಮಾತ್ರ ಎತ್ತರಕ್ಕೆ ಹೋದರೂ ತೆಳುವಾಗುವುದಿಲ್ಲ, ಅದರ ಹಿಡಿತ ಹಾಗೆಯೇ ಉಳಿಯುತ್ತದೆ. ಎತ್ತರದ ಕೆರೆಯಲ್ಲಿ ಸೀಪ್ಲೇನ್ ಹಾರಿಸುವವನು ಎರಡೂ ಕಡೆ ಸೋಲುತ್ತಾನೆ.

ಗಾಳಿಯ ದಿಕ್ಕೂ ಇದೆ. ಹೊಸದುರ್ಗ, ಚಿತ್ರದುರ್ಗದ ಗುಡ್ಡಗಳ ಸಾಲಿನಲ್ಲಿ ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ. ಆಷಾಢದ ಗಾಳಿಯ ರಭಸ ಅಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ನೀರಿನ ಮೇಲಿನ ವಿಮಾನಕ್ಕೆ ಬ್ರೇಕಿಲ್ಲ. ಎಂಜಿನ್ ನಿಧಾನ ಮಾಡಿದ ಕೂಡಲೇ ಅದು ಬಾಲದ ಮೇಲೆ ಗಾಳಿ ಬಡಿದಂತೆ ತಾನಾಗಿ ಗಾಳಿಗೆ ಮುಖ ಮಾಡಿ ತಿರುಗುತ್ತದೆ. ಕಿರಿದಾದ ಕಣಿವೆಯ ನೀರಿನಲ್ಲಿ ಗಾಳಿ ಅಡ್ಡಲಾಗಿ ಬೀಸುತ್ತಿದ್ದರೆ ಓಡಬೇಕಾದ ದಿಕ್ಕು ಒಂದು, ವಿಮಾನ ನೋಡುವ ದಿಕ್ಕು ಇನ್ನೊಂದು. ಗಾಳಿಯೇ ಇಲ್ಲದ ಮುಂಜಾವು ಸುರಕ್ಷಿತ ಎಂದುಕೊಂಡರೆ ಅದೂ ತಪ್ಪು. ಅಲೆಯಿಲ್ಲದ ನೀರು ಆಕಾಶವನ್ನೇ ತೋರಿಸುತ್ತದೆ, ತಾನು ಎಲ್ಲಿದ್ದೇನೆಂದು ಹೇಳುವುದಿಲ್ಲ. ಇನ್ನು ಹತ್ತು ಮೀಟರಿದೆ ಎಂದುಕೊಂಡ ಪೈಲಟ್ ನೀರಿಗೆ ಅಪ್ಪಳಿಸಿದ ಪ್ರಸಂಗಗಳು ಬಹಳ. ದಡದ ಮರಗಳನ್ನು ಕಣ್ಣಂಚಿನಲ್ಲಿ ಇಟ್ಟುಕೊಂಡು, ಮೂತಿ ತುಸು ಎತ್ತಿ, ಒಂದೇ ಹದದಲ್ಲಿ ನಿಧಾನವಾಗಿ ಇಳಿಯುತ್ತ ನೀರು ತಾನೇ ತಾಗುವವರೆಗೆ ಕಾಯುವುದು ಅವರಿಗೆ ಕಲಿಸುವ ಪಾಠ. ಏಳುವಾಗಲೂ ಸಣ್ಣ ಅಲೆಯೇ ಒಳ್ಳೆಯದು. ಅಲೆಗಳ ನಡುವೆ ಗಾಳಿ ಸಿಕ್ಕಿ ಫ್ಲೋಟಿನ ಅಂಟು ಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ತಲೆನೋವು ನೀರಿನ ಮಟ್ಟ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ಮೇಲೆ. ಆಮೇಲೆ 2025ರ ಜನವರಿಯಲ್ಲಿ. ನೂರಮೂವತ್ತು ಅಡಿ ತುಂಬಿದಾಗ ಇರುವ ನೀರಿನ ಬಯಲು ಬರಗಾಲದಲ್ಲಿ ಎಷ್ಟೋ ಪಾಲು ಹೊಲವಾಗಿ, ದನ ಮೇಯುವ ಜಾಗವಾಗಿ ಇರುತ್ತದೆ. ಮುಳುಗಿದ ಮರದ ಬೊಡ್ಡೆ, ಬದು, ಬಂಡೆ ಯಾವ ಮಟ್ಟದಲ್ಲಿ ಎಷ್ಟು ಆಳದಲ್ಲಿದೆ ಎಂದು ಅಳೆದು ನಕಾಶೆ ಮಾಡದೆ ಅಲ್ಲಿ ಫ್ಲೋಟ್ ಇಳಿಸುವವನು ಮೂರ್ಖ.

ಚಿತ್ರದುರ್ಗ ಜಿಲ್ಲೆಗೆ ವಿಮಾನ ಪರೀಕ್ಷೆ ಹೊಸದಲ್ಲ. ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒದ ಪರೀಕ್ಷಾ ವಲಯ 2017ರಿಂದ ಇದೆ. ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಕೆಳಗೆ ಬಿಟ್ಟು, 2023ರ ಏಪ್ರಿಲ್ 2ರಂದು ಅದು ತಾನಾಗಿ ರನ್‌ವೇಗೆ ಇಳಿದದ್ದೂ ಅಲ್ಲೇ. ಆದರೆ ರನ್‌ವೇ ಇವತ್ತು ಇದ್ದ ಹಾಗೆಯೇ ನಾಳೆಯೂ ಇರುತ್ತದೆ. ನೀರಿನ ಜೊತೆ ಪರೀಕ್ಷೆ ಮಾಡಲು ಬೇರೆಯೇ ಸಲಕರಣೆ ಬೇಕು. ಗಾಳಿಸುರಂಗದಲ್ಲಿ ಅಲೆ ಏಳುವುದಿಲ್ಲವಲ್ಲ. ಉದ್ದನೆಯ ತೊಟ್ಟಿಯಲ್ಲಿ ಮಾದರಿಯನ್ನು ಎಳೆದು ನೋಡಬೇಕು. ವಿಶಾಖಪಟ್ಟಣದ ನೌಕಾ ಪ್ರಯೋಗಾಲಯದಲ್ಲಿ ಹಡಗಿನ ಮಾದರಿಗಳಿಗೆ ಇರುವ ಅಂಥ ತೊಟ್ಟಿ 500 ಮೀಟರ್ ಉದ್ದ. ಮಾದರಿಯನ್ನು ಒಂಬತ್ತನೇ ಒಂದರಷ್ಟು ಚಿಕ್ಕದು ಮಾಡಿದರೆ ವೇಗವನ್ನು ಮೂರನೇ ಒಂದಕ್ಕೆ ಇಳಿಸಬೇಕು, ತೂಕವನ್ನು 729ನೇ ಒಂದು ಪಾಲಿಗೆ. ಆಗ ಮಾತ್ರ ಮರಿಯಲೆ ದೊಡ್ಡಲೆಯಂತೆ ವರ್ತಿಸುತ್ತದೆ. ಹಡಗುಗಳಿಗಾಗಿ ವಿಲಿಯಂ ಫ್ರೂಡ್ ಕಂಡ ಈ ಸೂತ್ರವನ್ನೇ ಹಾರುದೋಣಿಯವರು ಎರವಲು ಪಡೆದರು.

ಯುದ್ಧ ಮುಗಿದ ಮೇಲೆ ಬೆಂಗಳೂರಿನ ಕಾರ್ಖಾನೆ ಡಕೋಟಾಗಳನ್ನು ಮಾರ್ಪಡಿಸಿತು, ಆದರೆ ನೀರಿಗಲ್ಲ. ಅಮೆರಿಕನ್ನರು ಬಿಟ್ಟುಹೋದ ಸೇನಾ ಡಕೋಟಾಗಳಿಂದ ತಗಡಿನ ಬೆಂಚು ಕಿತ್ತು, ಸೀಟು ಹಾಕಿ, ನಾಗರಿಕ ವಿಮಾನ ಕಂಪನಿಗಳಿಗೆ ಕೊಟ್ಟಿತು. ಕಾನ್ಪುರದಲ್ಲಿ ಬ್ರಿಟಿಷರು ಹಾಳುಗೆಡವಿ ಬಿಟ್ಟಿದ್ದ ಲಿಬರೇಟರ್ ಬಾಂಬರ್‌ಗಳನ್ನು ಪರೀಕ್ಷಾ ಪೈಲಟ್ ಜಿಮ್ಮಿ ಮುನ್ಷಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು, ಕಾರ್ಖಾನೆ ಅವಕ್ಕೆ ಮರುಜೀವ ಕೊಟ್ಟಿತು. ಅವುಗಳಲ್ಲೂ ಅದೇ ಟ್ವಿನ್ ವಾಸ್ಪ್ ಎಂಜಿನ್, ಈ ಸಲ ನಾಲ್ಕು. ನೀರು–ನೆಲ ಎರಡೂ ಬಲ್ಲ ವಿಮಾನ ಬೇಕಾದಾಗ ಭಾರತೀಯ ನೌಕಾಪಡೆ 1953ರಲ್ಲಿ ಬ್ರಿಟನ್ನಿನಿಂದ ಹತ್ತು ಸೀಲ್ಯಾಂಡ್‌ಗಳನ್ನು ತರಿಸಿ ಕೊಚ್ಚಿಯಲ್ಲಿ ಇಟ್ಟುಕೊಂಡಿತು. ಅವೂ ಹುಟ್ಟಿನಿಂದಲೇ ಉಭಯಚರಗಳು.

ಹಳೆಯ ಆಸೆ ಮಾತ್ರ ಸಾಯಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಿಶೇಷ ಪಡೆಗಳು ತಮ್ಮ ಎಂಸಿ-130ಜೆ ಸಾರಿಗೆ ವಿಮಾನಕ್ಕೆ ಎರಡು ಫ್ಲೋಟ್ ಕಟ್ಟಿ ಉಭಯಚರ ಮಾಡುವುದಾಗಿ ಪ್ರಕಟಿಸಿದವು. ಬಣ್ಣದ ಚಿತ್ರಗಳು ಚೆನ್ನಾಗಿದ್ದವು. ನಮ್ಮ ವಾಯುಪಡೆಯೂ ಬಳಸುವ, 2013ರಲ್ಲಿ ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ ಇಳಿದು ಹೆಸರು ಮಾಡಿದ ಸಿ-130ಜೆ ವಂಶದ್ದೇ ವಿಮಾನ ಅದು. ಡಕೋಟಾಕ್ಕಿಂತ ಇದಕ್ಕೆ ಒಂದು ಅನುಕೂಲವಿದೆ: ರೆಕ್ಕೆ ಮೇಲೆ, ಪ್ರೊಪೆಲ್ಲರ್‌ಗಳು ಎತ್ತರದಲ್ಲಿ. ಆದರೆ ತೂಕ ತುಂಬಿದಾಗ 74 ಟನ್. ಮೊದಲಿನ ಲೆಕ್ಕವನ್ನೇ ಹಾಕಿ. 133 ಘನ ಮೀಟರಿನ ಪೊಳ್ಳು ಬೇಕು. ಹಿಂಬಾಗಿಲಿನ ಇಳಿಜಾರು ಹಲಗೆಯನ್ನು ನೀರಿನ ಮೇಲೆ ತೆರೆಯುವಂತಿರಬೇಕು, ಫ್ಲೋಟಿನೊಳಗೆ 74 ಟನ್ ಹೊರುವ ಚಕ್ರಗಳು ಇರಬೇಕು. ಹದಿನೇಳು ತಿಂಗಳಲ್ಲಿ ಹಾರಿಸಿ ತೋರಿಸುತ್ತೇವೆ ಎಂದಿದ್ದರು. ಗಡುವು ಜಾರುತ್ತ ಹೋಗಿ, ಕೊನೆಗೆ ಹಣದ ಅಭಾವದ ಕಾರಣ ಹೇಳಿ ಯೋಜನೆಯನ್ನು ನಿಲ್ಲಿಸಿಟ್ಟರು. ಲಾಕ್‌ಹೀಡ್ ಕಂಪನಿ ದಶಕಗಳ ಹಿಂದೆಯೇ ದೋಣಿಹೊಟ್ಟೆಯ ಸಿ-130ರ ಪುಟ್ಟ ಮಾದರಿಯನ್ನು ರೇಡಿಯೊ ನಿಯಂತ್ರಣದಲ್ಲಿ ಹಾರಿಸಿ ನೋಡಿತ್ತು. ಅದೂ ಮಾದರಿಯ ಹಂತ ದಾಟಿರಲಿಲ್ಲ.

ಇಲ್ಲಿ ಮತ್ತೆ ಬೆಂಗಳೂರಿನ ಆ ಎರಡು ವಿಮಾನಗಳ ಕಥೆಯೇ ಮರುಕಳಿಸುತ್ತದೆ. ಜಪಾನಿನ ಶಿನ್‌ಮೇವಾ ಕಂಪನಿಯ ಯುಎಸ್-2 ಈಗ ಸಮುದ್ರದಲ್ಲಿ ಮೂರು ಮೀಟರ್ ಅಲೆಯ ಮೇಲೂ ಇಳಿಯಬಲ್ಲ ಉಭಯಚರ. ಅದರ ನಾಲ್ಕು ಎಂಜಿನ್ ಯಾವುವು ಗೊತ್ತೇ? ರೋಲ್ಸ್‌ರಾಯ್ಸ್ ಎಇ-2100, ಸಿ-130ಜೆಯಲ್ಲಿ ಇರುವ ಅದೇ ಕುಟುಂಬ. ಚೀನಾದ ಎಜಿ600 ಎಂಬ ದೈತ್ಯ ಹಾರುದೋಣಿ 2018ರ ಅಕ್ಟೋಬರ್‌ನಲ್ಲಿ ಹುಬೇ ಪ್ರಾಂತ್ಯದ ಜಾಂಗ್‌ಹೆ ಜಲಾಶಯದಿಂದ ಮೊದಲ ಬಾರಿ ಮೇಲೆದ್ದಾಗ ಅದನ್ನು ಎತ್ತಿದ್ದು ವೈ-8 ಸೇನಾ ಸಾರಿಗೆ ವಿಮಾನದ ಡಬ್ಲ್ಯುಜೆ-6 ಎಂಜಿನ್. ಸಾರಿಗೆ ವಿಮಾನದಿಂದ ಎಂಜಿನನ್ನು ಎರವಲು ತಂದು ಹೊಸ ಹೊಟ್ಟೆ ಕಟ್ಟಿದವರು ಹಾರಿದರು. ಹೊಟ್ಟೆಯನ್ನು ಹಾಗೇ ಇಟ್ಟು ಫ್ಲೋಟ್ ಕಟ್ಟಲು ಹೊರಟವರು ಚಿತ್ರಪಟದಲ್ಲೇ ಉಳಿದರು. ಯುಎಸ್-2ರ ಗುಟ್ಟು ಅದರ ಐದನೇ ಎಂಜಿನ್. ಅದು ವಿಮಾನವನ್ನು ಎಳೆಯುವುದಿಲ್ಲ, ರೆಕ್ಕೆ ಮತ್ತು ಬಾಲದ ಮೇಲ್ಮೈಗಳ ಮೇಲೆ ಗಾಳಿ ಊದುತ್ತದೆ. ಗಾಳಿ ರೆಕ್ಕೆ ಬಿಟ್ಟು ಹೋಗದಂತೆ ಹಿಡಿದಿಡುವುದರಿಂದ 43 ಟನ್ನಿನ ವಿಮಾನ ಗಂಟೆಗೆ ತೊಂಬತ್ತು ಕಿಲೋಮೀಟರಿನ ಆಸುಪಾಸಿನಲ್ಲಿ, ಮುನ್ನೂರು ಮೀಟರಿನೊಳಗೆ ನೀರು ಬಿಡುತ್ತದೆ. ವೇಗ ಅರ್ಧವಾದರೆ ನೀರಿನ ಪೆಟ್ಟು ಕಾಲುಭಾಗವಾಗುತ್ತದಲ್ಲ, ಮೂರು ಮೀಟರ್ ಅಲೆಯನ್ನು ಅದು ತಾಳುವುದು ಹೀಗೆ. ಭಾರತದ ನೌಕಾಪಡೆಗೆ ಇವುಗಳಲ್ಲಿ ಹನ್ನೆರಡನ್ನು ಕೊಳ್ಳುವ ಮಾತುಕತೆ ವರ್ಷಗಟ್ಟಲೆ ನಡೆಯಿತು. ಬೆಲೆ ದುಬಾರಿ ಎನಿಸಿ ಒಪ್ಪಂದ ಆಗಲೇ ಇಲ್ಲ.

ನಮ್ಮ ನೀರಿನ ಮೇಲೆ ಈಚೆಗೆ ನಿಜವಾಗಿ ಇಳಿದದ್ದು ಇನ್ನೂ ಸಣ್ಣ ವಿಮಾನ, ಕೆನಡಾದ ಟ್ವಿನ್ ಆಟರ್. ತೂಕ ಐದೂವರೆ ಟನ್ ಚಿಲ್ಲರೆ, ರೆಕ್ಕೆ ಮೇಲೆ, ಹೊಟ್ಟೆ ನೆಲದ ವಿಮಾನದ್ದೇ. ಇದಕ್ಕೆ ಫ್ಲೋಟ್ ಕಟ್ಟುವುದು ಲೆಕ್ಕಕ್ಕೆ ಕೂಡುತ್ತದೆ, ಯಾಕೆಂದರೆ ಅದು ಹೊರುವುದು ಹದಿನೈದು–ಹತ್ತೊಂಬತ್ತು ಜನರನ್ನು, ಟ್ಯಾಂಕನ್ನಲ್ಲ. ಹೋಗುವುದು ಗಂಟೆಯೊಳಗಿನ ದೂರ. 2024ರ ನವೆಂಬರ್‌ನಲ್ಲಿ ಅದು ವಿಜಯವಾಡದ ಪ್ರಕಾಶಂ ಬ್ಯಾರೇಜಿನಿಂದ ಶ್ರೀಶೈಲಕ್ಕೆ, ಆಮೇಲೆ ಕೊಚ್ಚಿಯ ಬೋಳ್ಗಟ್ಟಿಯಿಂದ ಮಟ್ಟುಪೆಟ್ಟಿ ಜಲಾಶಯಕ್ಕೆ ಪ್ರಾಯೋಗಿಕವಾಗಿ ಹಾರಿತು. ಅದಕ್ಕೂ ಮೊದಲು, 2020ರ ಅಕ್ಟೋಬರ್ 31ರಂದು ಅಹಮದಾಬಾದಿನ ಸಬರಮತಿಯಿಂದ ಕೆವಡಿಯಾದ ಪಟೇಲ್ ಪ್ರತಿಮೆಗೆ ಇದೇ ಜಾತಿಯ ವಿಮಾನದಲ್ಲಿ ಸೇವೆ ಶುರುವಾಗಿತ್ತು. ವಿಮಾನವನ್ನು ಮಾಲ್ದೀವ್ಸ್‌ನಿಂದ ಬಾಡಿಗೆಗೆ ತಂದಿದ್ದರು. ಫ್ಲೋಟಿನ ಕೀಲು, ತಂತಿ, ರಿವೆಟ್ಟು, ಸೀಲುಗಳನ್ನು ಆಗಾಗ ಬಿಚ್ಚಿ ನೋಡಲೇಬೇಕು. ಇಲ್ಲಿ ಅದನ್ನು ಮಾಡುವವರಿರಲಿಲ್ಲ. ಸೇವೆ ಶುರುವಾಗಿ ತಿಂಗಳೊಳಗೇ ವಿಮಾನ ರಿಪೇರಿಗೆಂದು ಮಾಲ್ದೀವ್ಸ್‌ಗೆ ವಾಪಸು ಹಾರಿತು, ಬಂತು, ಮತ್ತೆ ಹೋಯಿತು. 2021ರ ಏಪ್ರಿಲ್‌ಗೆ ಸೇವೆ ನಿಂತಿತು. ಬೆಂಗಳೂರಿನ ಕೆಲಸಗಾರರು ಬೆಳ್ಳಂದೂರಿನಲ್ಲಿ ಹಾರುದೋಣಿಗಳನ್ನು ದಡಕ್ಕೆ ಎಳೆದು ತಳ ಕೆರೆದು ರಿಪೇರಿ ಮಾಡಿ ಕಳಿಸುತ್ತಿದ್ದ ಕಾಲಕ್ಕೂ ಇದಕ್ಕೂ ನಡುವೆ ಮುಕ್ಕಾಲು ಶತಮಾನ.